ಐಸ್ ಪೆಟ್ಟಿಗೆಗೆ ಹೋದ ಇನ್ಸುಲಿನ್

ಸಂಜೆಯ ಸೂಜಿಗೆ ಔಷಧಿ ಎಲ್ಲಿಂದ ತರಲಿ ಎಂಬ ಚಿಂತೆ ಬೆಳಗಿನಿಂದ ತಲೆ ತಿನ್ನುತ್ತಿದೆ. ಮಗಳು ಮಿಲೆಂಬೆಯ ಸಕ್ಕರೆ ಕಾಯಿಲೆಗೆ ಆಸ್ಪತ್ರೆಯವರು ತಿಂಗಳಿಗೊಮ್ಮೆ ಕೊಡುವ ಇನ್ಸುಲಿನ್ನನ್ನು ಒದ್ದೆ ಮರಳಿನ ಮಡಕೆಯಲ್ಲಿಟ್ಟಿದ್ದೆ. ಮೂವತ್ತು ವರ್ಷದಿಂದ ಮ್ವಾಂಜಾ ಊರಿನ ಮೀನುಪೇಟೆಯಲ್ಲಿ ಐಸ್ ಮಾರುವ ನಮ್ಮತ್ತೆ ನ್ಯಾಮಿಜಿಗೆ ಮಡಕೆಯ ತಂಪು ಎಲ್ಲಿ ಸಾಲಬೇಕು! ತಮ್ಮ ಐಸ್ ಪೆಟ್ಟಿಗೆಗೆ ಸಾಗಿಸಿದ್ದಾರೆ. ಔಷಧಿ ಕಲ್ಲಾಗಿದೆ.

"ಹೆಪ್ಪುಗಟ್ಟಿದ್ರೆ ಕೆಲಸ ಮಾಡಲ್ಲ ಅಂತ ಎಷ್ಟು ಸಲ ಹೇಳ್ಲಿ ಅತ್ತೆ?"

"ಮೀನೇ ಕೆಡಲ್ಲ, ಇದು ಕೆಡುತ್ತಾ? ಕರಗಿಸಿ ಕೊಡೇ, ಓದಿದವಳೇ!"

ಮೊಮ್ಮಗಳಿಗೆಂದೇ ದಿನಾ ಸಕ್ಕರೆ ಹಾಕದ ಐಸ್ ಕಡ್ಡಿ ಮಾಡುವ ಮುದುಕಿ. ಹೆಚ್ಚು ಬೈಯಲೂ ಆಗುವುದಿಲ್ಲ. ಹೋದ ತಿಂಗಳು ಸೀಸೆ ಒಡೆದವಳು ನಾನೇ. ಮತ್ತೆ ಕೇಳಿದರೆ ನರ್ಸ್ ಉಗಿಯುತ್ತಾಳೆ. ಉಗಿಯಲಿ. ಫೋನ್ ಮಾಡಿದೆ.

"ಸಿಸ್ಟರ್, ನಾನು ಮಿಲೆಂಬೆಯ ಅಮ್ಮ. ಮೊದಲು ಬೈದುಬಿಡಿ, ಆಮೇಲೆ ಇನ್ನೊಂದು ಸೀಸೆ ಎಲ್ಲಿ ಸಿಗುತ್ತೆ ಹೇಳಿ."