ಹಿತಿಯ ಕೆಸರು ಕಚೇರಿ ಹತ್ತಿದ್ದು

ಪಾಟನ್ನಿನ ಚಿರಿಮಾಯಾ ದಂಗೋಲ್ ಗಂಟಲೆತ್ತಿದರೆ ಮೂರು ಬೀದಿಯಾಚೆಯ ದೇಗುಲದ ಕಲ್ಲುಸಿಂಹಗಳೂ ಕಿವಿ ನಿಮಿರಿಸುತ್ತವೆ. ಆ ಗಂಟಲು ಪಳಗಿದ್ದು ಓಣಿಯ ಹಿತಿಯಲ್ಲಿ. ಮೆಟ್ಟಿಲಿಳಿದು ಹೋದರೆ ಕಲ್ಲಿನ ಮೊಸಳೆಬಾಯಿಗಳಿಂದ ನೀರು ಸುರಿಯುವ ಆ ಹೊಂಡದಲ್ಲಿ, ಸೊಸೆಯಾಗಿ ಬಂದಂದಿನಿಂದ ನೀರಿನ ಕೊಡದ ಜಗಳದಲ್ಲಿ ಅವಳು ಒಮ್ಮೆಯೂ ಸೋತದ್ದಿಲ್ಲ.

ಈಗ ಆ ಹಿತಿಯನ್ನೇ ಚಂದಗಾಣಿಸಲು ಜೀರ್ಣೋದ್ಧಾರದ ಕಚೇರಿ ಹೊರಟಿತ್ತು: ಸುತ್ತ ಕಬ್ಬಿಣದ ಬೇಲಿ, ಬಾಗಿಲಿಗೆ ಬೀಗ, ಪ್ರವಾಸಿಗಳಿಗೆ ಟಿಕೆಟ್ಟು. ಓಣಿಯವರ ಅಭಿಪ್ರಾಯ ಕೇಳಲು ಒಂದು ಸಭೆ. ಯಾರೂ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಸಭೆ ಇಟ್ಟದ್ದು ಮಾತ್ರ ಸಿಥಿನಖಾ ಹಬ್ಬದ ದಿನ. ಅಂದು ನೀರು ಕಾಯುವ ನಾಗಗಳು ತಮ್ಮ ಕುಲದೇವರ ಪೂಜೆಗೆ ಹೋಗಿರುತ್ತವೆ. ಹೂಳೆತ್ತಲು ವರ್ಷಕ್ಕೆ ಅದೊಂದೇ ದಿನ. ಓಣಿಗೆ ಓಣಿಯೇ ಸೊಂಟದವರೆಗೆ ಕೆಸರಿನಲ್ಲಿತ್ತು.

"ಮೈ ತೊಳ್ಕೊಂಡು ಸಭೆಗೆ ಹೋಗೋಣ ಚಿರಿ," ಎಂದ ನೆರೆಮನೆಯ ಪುಂಚಾ.

"ನಿನ್ನ ಮೈ ತೊಳೆದು ಮುಗಿಯೋ ಹೊತ್ಗೆ ಮುಂದಿನ ಸಿಥಿನಖಾ ಬಂದಿರುತ್ತೆ ಅಣ್ಣಾ. ಹಿಂಗೇ ನಡಿ!"

ನಡೆದರು. ಅವರ ಮೈಮೇಲಿನ ಕೆಸರಲ್ಲಿ ಇನ್ನೊಂದು ಪಾಟನ್ ಕಟ್ಟಿ, ಮಿಕ್ಕದ್ದರಲ್ಲಿ ಒಂದು ಗೋಪುರವನ್ನೂ ಎಬ್ಬಿಸಬಹುದಿತ್ತು. ಪೂರ್ವದ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದ, ಈ ಹಬ್ಬ ಗೊತ್ತಿಲ್ಲದ ಅಧಿಕಾರಿ ಖತಿವಡಾ ಸಾಹೇಬರು ಕಚೇರಿಯಲ್ಲಿ ಖಾಲಿ ಕುರ್ಚಿಗಳಿಗೆ ವಂದನೆ ಹೇಳಿ ಸಭೆ ಮುಗಿಸುವುದರಲ್ಲಿದ್ದರು.

"ಅಲ್ಲೇ ನಿಲ್ಲಿ! ಜಮಖಾನ ಹೊಸದು!"

"ಹಂಗಾದ್ರೆ ನೀವೇ ಬನ್ನಿ. ನಮ್ಮ ಹಿತೀಲಿ ಕೆಡೋ ಜಮಖಾನ ಇಲ್ಲ."

"ಇನ್ನೊಂದಿನ ಇಟ್ಕೊಳ್ಳೋಣ ಅಜ್ಜಿ."

"ಇನ್ನೊಂದಿನ ನಾಗರಾಜ ಮನೇಲಿರ್ತಾನೆ. ಅವನ ಹತ್ರ ನೀವೇ ಮಾತಾಡ್ತೀರಾ?" ಎನ್ನುತ್ತ ಚಿರಿಮಾಯಾ ಕೆಸರುಗಾಲನ್ನು ಜಮಖಾನದ ಮೇಲೆ ಎತ್ತಿ ಹಿಡಿದಳು.

ಆ ಕಾಲು ಇಳಿಯುವ ಮುಂಚೆ ಸಾಹೇಬರು ಬೀದಿಯಲ್ಲಿದ್ದರು.

ಸಭೆ ಹಿತಿಯ ತಳದಲ್ಲಿ ಸೇರಿತು. ಸಾಹೇಬರು ಪ್ಯಾಂಟು ಮಡಚಿ ನಕ್ಷೆ ಬಿಚ್ಚಿದರು. ಹೂಳಿನ ಬಕೆಟ್ಟು ಕೈಯಿಂದ ಕೈಗೆ ಬಂದು ಅವರ ಮುಂದೆ ನಿಂತಿತು. ದಾಟಿಸದಿದ್ದರೆ ಸಾಲೇ ನಿಲ್ಲುತ್ತದೆ, ದಾಟಿಸಿದರು. ಇನ್ನೊಂದು ಬಂತು. ಮತ್ತೊಂದು.

"ಬೀಗ ಹಾಕಿದ್ಮೇಲೆ ಇದನ್ನ ಯಾರು ಎತ್ತೋರು ಸಾಹೇಬ್ರೇ? ಟಿಕೆಟ್ ತಗೊಂಡೋರಾ?" ಎಂದಳು ಚಿರಿಮಾಯಾ.

ಸಾಹೇಬರು ಬೆವರೊರೆಸಿಕೊಂಡು ಸಾಲನ್ನು ಮೇಲಿನವರೆಗೂ ನೋಡಿದರು. ಅಲ್ಲಿ ಹೆಂಗಸರು ಉದ್ದಿನ ದೋಸೆಯಂಥ 'ವೋ' ಬೇಯಿಸುತ್ತಿದ್ದ ಘಮಲು.

"ನಕ್ಷೆಯಿಂದ ಬೇಲಿ ತೆಗೀತೀನಿ. ಮೊದ್ಲು ಕೈ ತೊಳ್ಕೊಳ್ತೀನಿ ಅಜ್ಜಿ."

"ಮೊದ್ಲು ತೆಗೀರಿ. ಆಮೇಲೆ ಕೈ, ಆಮೇಲೆ ವೋ."

ನಕ್ಷೆಯ ಮೇಲಿನ ಬೇಲಿಯ ಗೆರೆಯನ್ನು ಸಾಹೇಬರ ಕೆಸರುಬೆರಳು ಸುತ್ತಲೂ ಬಳಿದು ಮುಚ್ಚಿತು.