ಕುಂಕುಮದಲ್ಲಿ ಕರಗಿದ ಬಟನ್

“ಅತ್ತಿಗಿ, ಉತ್ತರ ಬರಿಯೋ ಬಟನ್ ಎಲ್ಲಿ ಮುಚ್ಚಿಟ್ಟೀರಿ?” ಆಲೂರಿನಿಂದ ನಾದಿನಿ ಗೌರಿ ಫೋನಿನಲ್ಲಿ ಕೇಳಿದಾಗ ನಾನು ಬೆಳಗಿನ ದೀಪ ಹಚ್ಚುತ್ತಿದ್ದೆ.

ಆಲೂರಿನಲ್ಲೂ ಇಲ್ಲೂ ಇರುವ ನಮ್ಮ ಭಜನಾ ಸಂಘದ ಹೆಂಗಸರಿಗಾಗಿ ಇಂಟರ್‌ನೆಟ್‌ನಲ್ಲಿ ಒಂದು ಚರ್ಚಾ ವೇದಿಕೆ ತೆರೆದಿದ್ದೆ. ಅದರ ಬೂದು ಬಣ್ಣ ನೋಡಲಾರದೆ, ಎರಡು ಮಧ್ಯಾಹ್ನ ಸೆಟ್ಟಿಂಗ್ಸ್ ಜೊತೆ ಗುದ್ದಾಡಿ ಪುಟಕ್ಕೆಲ್ಲ ಕುಂಕುಮದ ಬಣ್ಣ ಬಳಿದೆ. ತಲೆಬರಹ ಸರಿಮಾಡಿದರೆ ಅಕ್ಷರ ಚಿಕ್ಕದಾಗುತ್ತಿತ್ತು, ಅಕ್ಷರ ಸರಿಮಾಡಿದರೆ ನಮ್ಮ ದೇವರು ಈರಣ್ಣಸ್ವಾಮಿಯ ಫೋಟೊ ಪಕ್ಕಕ್ಕೆ ಜರುಗುತ್ತಿತ್ತು. ಅಂತೂ ಮುಗಿಸಿ, “ಸೋಮವಾರದ ಉಪವಾಸಕ್ಕ ಏನು ಮಾಡ್ತೀರಿ?” ಎಂದು ಮೊದಲ ಪ್ರಶ್ನೆ ಹಾಕಿದೆ. ವಾರವಾದರೂ ಒಬ್ಬರೂ ಉತ್ತರಿಸಲಿಲ್ಲ. ಯಾರಿಗೂ ಬೇಡವಾದದ್ದನ್ನು ಮುಚ್ಚಿಬಿಡೋಣವೆಂದು ಆ ಬೆಳಿಗ್ಗೆಯೇ ತೀರ್ಮಾನಿಸಿದ್ದೆ.

ಗೌರಿಯ ಮಾತು ಕೇಳಿ ತೆರೆದು ನೋಡಿದರೆ, ಉತ್ತರದ ಬಟನ್ ಕೂಡ ಕುಂಕುಮದ ಬಣ್ಣಕ್ಕೇ ತಿರುಗಿ ಪುಟದೊಳಗೆ ಕಾಣದಂತಾಗಿತ್ತು. “ಇಲ್ಲಿ ಹೆಂಗಸ್ರೆಲ್ಲ ಹುಡುಕಿ ಸಾಕಾಗ್ಯಾರ್ರಿ. ನೀವು ಮಡಿಯಾಗ ಇಟ್ಟೀರಿ, ಮುಟ್ಟಬಾರದು ಅಂದ್ಕೊಂಡಾರ,” ಎಂದು ಗೌರಿ ನಕ್ಕಳು.

ಮತ್ತೊಂದು ಮಧ್ಯಾಹ್ನ ಗುದ್ದಾಡಿ ಬಟನ್‌ಗೆ ವಿಭೂತಿಯ ಬಿಳಿ ಕೊಟ್ಟೆ. ಸಂಜೆಗೆ ಮೊದಲ ಉತ್ತರ ಬಂತು, ಗೌರಿಯದೇ: “ಬಟನ್ ಸಿಕ್ತು ಅತ್ತಿಗಿ. ಉಪವಾಸ ನಾ ಮಾಡಂಗಿಲ್ಲ.”

ಯಾವ ಉಪಯೋಗಕ್ಕೂ ಬಾರದ ಆ ಉತ್ತರವನ್ನು ಮೂರು ಸಲ ಓದಿದೆ. ವೇದಿಕೆ ಮುಚ್ಚಲಿಲ್ಲ. ಎಲ್ಲ ಸ್ವಾಮಿಯ ದಯೆ; ಅವನ ಫೋಟೊ ಮಾತ್ರ ಇನ್ನೂ ಪಕ್ಕಕ್ಕೇ ಇದೆ.