ಜಗಲಿಯ ಮೇಲೆ ಉಳಿದ ವೀಳ್ಯ

ಕಾನ್ವೆಂಟಿನಲ್ಲಿ ನಮಗೆ ಥ್ಯಾಂಕ್ಸ್ ಕಾಗದ ಬರೆಯುವುದನ್ನು ಕೈಹಿಡಿದು ಕಲಿಸಿದ್ದರು. ಅಕ್ಷರಗಳು ಬಲಕ್ಕೆ ಒಂದೇ ಸಮ ವಾಲಬೇಕು, ಉಡುಗೊರೆ ಬಂದ ದಿನವೇ ಉತ್ತರ ಹೋಗಬೇಕು. ಆಲ್ದೂರಿನ ಹತ್ತಿರದ ಕಾಫಿತೋಟಕ್ಕೆ ಸೊಸೆಯಾಗಿ ಬಂದ ಮೇಲೂ ನಾನು ಅದನ್ನು ತಪ್ಪಿಸಲಿಲ್ಲ. ಉಪಕಾರ ನೆನೆಯುವುದೆಂದರೆ ಅದೇ ಎಂದುಕೊಂಡಿದ್ದೆ.

ತವರಿನಲ್ಲಿ ತಾಯಿ ಇಲ್ಲದ ಕಾರಣ ಚೊಚ್ಚಲ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ನನಗೂ ಮಗುವಿಗೂ ನೀರು ಹಾಕಲು ತೋಟದ ಕೂಲಿಯವರ ಲೈನುಮನೆಗಳಿಂದ ಒಬ್ಬ ಮುದುಕಿ ಬರುತ್ತಿದ್ದಳು. ಕಾಫಿಹಣ್ಣು ಕುಯ್ಯಲು ವರ್ಷವರ್ಷ ಘಟ್ಟದ ಕೆಳಗಿನಿಂದ ಬರುವ ಗುಂಪಿನವಳು. ಹಂಡೆಯ ನೀರು ಮೈಮೇಲೆ ಬಿದ್ದಾಗ ನಾನು ಕಿರುಚಿದರೆ ಅವಳಿಗೆ ನಗು.

"ಇಂಗ್ಲಿಷ್ ಓದಿದ ಮೈ ಅಂತ ಬಿಸಿ ಕಮ್ಮಿ ಮಾಡ್ಲಾ? ಸುಮ್ನೆ ಕೂತ್ಕಳಿ ಅಮ್ಮ."

ಮೂರು ದಿನ ಮಗು ಮೊಲೆ ಹಿಡಿದಿರಲಿಲ್ಲ. ಅತ್ತೆ ಹರಕೆ ಹೊತ್ತರು. ನಾನು ಗೋಡೆ ಕಡೆ ತಿರುಗಿ ಅಳುತ್ತಿದ್ದೆ. ಅವಳು ಲೈನಿಗೆ ಹೋಗದೆ ನನ್ನ ಪಕ್ಕದಲ್ಲೇ ಕೂತು, ಬಿಸಿಬಟ್ಟೆ ಒತ್ತಿ ಒತ್ತಿ ಹಾಲು ಇಳಿಸಿದಳು. ನಾಲ್ಕನೆಯ ಬೆಳಿಗ್ಗೆ ಮಗು ಲೊಚಗುಟ್ಟುವ ಸದ್ದು ಕೇಳಿತು. "ಕೇಳ್ತಾ?" ಎಂದು ಅವಳು ನನಗಿಂತ ಮೊದಲು ಕಣ್ಣೊರೆಸಿಕೊಂಡಳು.

ನಮ್ಮಲ್ಲಿ ಕೊನೆಯ ನೀರಿನ ದಿನ ಬಾಣಂತಿಯೇ ನೀರು ಹಾಕಿದವಳ ತಲೆಗೆ ಎಣ್ಣೆ ಇಟ್ಟು, ಸೀರೆಯ ಮೇಲೆ ವೀಳ್ಯವಿಟ್ಟು ಕೈಗೆ ಕೊಡಬೇಕು. ಅದೇ ದಿನ ಪಕ್ಕದ ಎಸ್ಟೇಟಿನ ದೊರೆಸಾನಿ ಮಗುವಿಗೊಂದು ಉಣ್ಣೆಯ ಟೋಪಿ ಕಳಿಸಿದ್ದರು. ತಂದ ಆಳು ಉತ್ತರಕ್ಕೆ ಕಾಯುತ್ತಿದ್ದ. ನಾನು ಲೇಖನಿ ಹಿಡಿದು ಒಳ್ಳೆಯ ಮಾತು ಹುಡುಕುತ್ತಿದ್ದೆ.

"ಎಣ್ಣೆಬಟ್ಟಲು ತಂದಿದೀನಿ, ಬಾರೆ. ಅವಳು ಎಷ್ಟ್ ಹೊತ್ತು ಜಗಲೀಲಿ ಕೂರೋದು?" ಅತ್ತೆ ಕರೆದರು.

ಎಣ್ಣೆ ಮುಟ್ಟಿದರೆ ಕಾಗದಕ್ಕೆ ಕಲೆಯಾಗುತ್ತದೆ ಎನಿಸಿತು. "ಅಲ್ಲೇ ಇಟ್ಬಿಡಿ ಅತ್ತೆ, ತಗೊಂಡು ಹೋಗ್ಲಿ" ಎಂದೆ. ತಲೆಯನ್ನೂ ಎತ್ತಲಿಲ್ಲ.

ಕಾಗದ ಮಡಚಿ ಹೊರಗೆ ಬಂದಾಗ ಅವಳಿರಲಿಲ್ಲ. ಸೀರೆ ಒಯ್ದಿದ್ದಳು. ಎಲೆ ಅಡಿಕೆ ಜಗಲಿಯ ಮೇಲೆ ಹಾಗೇ ಇದ್ದವು. ಕೈಯಿಂದ ಕೊಡದ ವೀಳ್ಯವನ್ನು ಅವಳು ಮುಟ್ಟಿರಲಿಲ್ಲ. ಮಾರನೆಯ ದಿನ ಗುಂಪು ಘಟ್ಟ ಇಳಿಯಿತು.

ಮುಂದಿನ ಸುಗ್ಗಿಗೆ ಗುಂಪು ಬಂತು, ಅವಳು ಬರಲಿಲ್ಲ. ಕಳಸದ ಕಡೆಯ ತೋಟಕ್ಕೆ ಹೋಗಿದ್ದಾಳೆಂದು ನಮ್ಮ ತೋಟದ ಮೇಸ್ತ್ರಿ ಹೇಳಿದ. "ಅಷ್ಟ್ ಕೊರಗೋದಾದ್ರೆ ಹೋಗ್ಬರೋಣ ನಡಿ ಮಾರಾಯ್ತಿ, ಗಾಡಿ ಕಟ್ಟಿಸ್ತೀನಿ" ಎಂದರು ನಮ್ಮವರು. ಮಗುವಿಗೆ ನೆಗಡಿ ಎಂದೆ. ಆಮೇಲೆ ಮಳೆ ಎಂದೆ. ನಿಜಕ್ಕೂ ತಡೆದದ್ದು ನಾಚಿಕೆ.

ಆಗಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ನೀರು ಸೇದಿದವಳಾಗಲಿ, ಸೌದೆ ತಂದವಳಾಗಲಿ, ಕೈಕೆಲಸ ನಿಲ್ಲಿಸಿ ಅವರ ಮುಖ ನೋಡಿ "ನಿನ್ನಿಂದ ಇವತ್ತು ಹಗುರಾಯ್ತು" ಎನ್ನುತ್ತೇನೆ. ಮೊದಮೊದಲು ಅವರು ನಗುತ್ತಿದ್ದರು. ಬರಬರುತ್ತಾ ಯಾರ ಸೊಂಟ ನೋಯುತ್ತದೆ, ಯಾರ ಮಗಳು ಬಸುರಿ ಎಂಬುದೆಲ್ಲ ತಾನಾಗಿ ತಿಳಿಯತೊಡಗಿತು. ನನ್ನ ಸಿಡುಕೂ ಕಡಿಮೆಯಾಯಿತು. ಅಂದಂದಿನದನ್ನು ಅಂದೇ ಹೇಳಿದರೆ ಎದೆಯಲ್ಲಿ ಭಾರ ಉಳಿಯುವುದಿಲ್ಲ.

ಎಷ್ಟೋ ವರ್ಷದ ಮೇಲೆ ಕೊನೆಗೊಮ್ಮೆ ಧೈರ್ಯ ಮಾಡಿ ಮೇಸ್ತ್ರಿಯನ್ನು ಕರೆಸಿದೆ. "ಅವ್ಳು ಈಗ ಘಟ್ಟ ಹತ್ತೋದಿಲ್ಲ ಅಮ್ಮ. ಮಂಡಿ ಹೋಯ್ತಂತೆ, ಊರಲ್ಲೇ ಇದಾಳಂತೆ" ಎಂದ.

"ಯಾವ ಊರು?"

"ನಂಗೆಂಗೆ ಗೊತ್ತಾಗ್ಬೇಕು? ಆ ಹಳೇ ಗುಂಪಿನೋರು ಈಗ ಯಾರೂ ಬರಲ್ಲ. ನಿಮ್ ಜೊತೆ ತಿಂಗ್ಳುಗಟ್ಲೆ ಇದ್ಲಲ್ಲ, ನಿಮ್ಗೆ ಹೇಳ್ಲಿಲ್ವಾ?"

ಅವಳು ಹೇಳದೆ ಇದ್ದದ್ದಲ್ಲ. ನಾನು ಕೇಳಿರಲಿಲ್ಲ.